ಎ ಅಕ್ಷರದ ಪಂಡಿತರು

ಬೇಸಿಗೆಯ ಮಧ್ಯಾಹ್ನ ಕಲಬುರಗಿಯ ರಸ್ತೆಯಲ್ಲಿ ನಾಯಿಯೂ ಓಡಾಡುವುದಿಲ್ಲ. ಗ್ರಂಥಾಲಯದಲ್ಲಿ ಮಾತ್ರ ಕೂರಲು ಕುರ್ಚಿ ಸಿಗುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಫ್ಯಾನಿನ ಕೆಳಗಿನ ಜಾಗವನ್ನು ಬೆಳಿಗ್ಗೆಯೇ ಹಿಡಿದಿರುತ್ತಾರೆ. ಒಬ್ಬೊಬ್ಬರ ಮುಂದೆಯೂ ಒಂದು ನೋಟ್‌ಬುಕ್. ನಡುವೆ ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಅಬೇಟ್, ಅಬೆಟ್, ಅಬ್‌ಹಾರ್... ಬೇಕಾದರೆ ಪುಟ ತಿರುವಿ ನೋಡಿ. ಎ ಪೂರ್ತಿ ಇರುತ್ತದೆ. ಬಿ ಅರ್ಧ. ಸಿ ಬರುವಷ್ಟರಲ್ಲಿ ಅಕ್ಷರ ದಪ್ಪಗಾಗಿ, ಸಾಲು ತೆಳ್ಳಗಾಗಿ, ಮುಂದೆ ಖಾಲಿ ಹಾಳೆ. ನಮ್ಮೂರಲ್ಲಿ ಎ ಅಕ್ಷರದ ಪಂಡಿತರಿಗೆ ಬರವಿಲ್ಲ. ಝಡ್ ಮುಟ್ಟಿದವರನ್ನು ನಾನಂತೂ ಕಂಡಿಲ್ಲ.

ತಪ್ಪು ಆ ಹುಡುಗರದಲ್ಲ. ಅಬೇಟ್ ಅಂದರೆ ತಗ್ಗುವುದು, ಅಬೆಟ್ ಅಂದರೆ ಅಪರಾಧಕ್ಕೆ ಕುಮ್ಮಕ್ಕು ಕೊಡುವುದು. ಎರಡನ್ನೂ ಒಂದರ ಕೆಳಗೊಂದು ಬರೆದು ಉರು ಹೊಡೆದರೆ, ಪರೀಕ್ಷೆಯಲ್ಲಿ ಮಳೆ ತಗ್ಗುವ ಬದಲು ಕುಮ್ಮಕ್ಕು ಕೊಡುತ್ತದೆ.

ಪಟ್ಟಿಯಲ್ಲಿ ಇನ್ನೊಂದು ತೊಂದರೆ ಇದೆ. ಅದು ನನಗೆ ಗೊತ್ತಾಗಿದ್ದು ನಮ್ಮ ಓಣಿಯ ಕಾಕಾ ಅವರಿಂದ. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಅರ್ಜಿ ಬರೆಯುವ ಕೆಲಸ ಯಾವತ್ತೂ ಅವರದೇ. ಈ ಸಲ ಡಿಕ್ಷನರಿ ನೋಡಿ ಬರೆದಿದ್ದರು: ನಮ್ಮ ಟ್ರಾನ್ಸ್‌ಫಾರ್ಮರ್‌ನ ‘ಸ್ಯಾಡ್ ಡಿಮೈಸ್’ನಿಂದ ಓಣಿ ಕತ್ತಲಾಗಿದೆ.

‘ಕಾಕಾ, ಇದು ಮನುಷ್ಯಾರಿಗಿ ಅಂತಾರ್ರಿ.’

‘ಡಿಕ್ಷನರಿಯೊಳಗ ಹಂಗಂತ ಎಲ್ಲದ? ಸಾವು ಅಂತ ಅದ. ಅದು ಸತ್ತದೋ ಇಲ್ಲೋ ಹೇಳು.’

ಸತ್ತಿದ್ದಂತೂ ಖರೆ. ಅರ್ಜಿ ಹಾಗೆಯೇ ಹೋಯಿತು.

ಪದಕ್ಕೂ ಬೀಗರು ನೆಂಟರು ಇರುತ್ತಾರೆ. ಯಾರ ಜೊತೆ ಅದರ ಓಡಾಟ, ಯಾರ ಮನೆಗೆ ಕಾಲಿಡುವುದಿಲ್ಲ ಅನ್ನುವುದು ಓದುತ್ತಾ ಹೋದರೆ ತಾನಾಗೇ ತಿಳಿಯುತ್ತದೆ. ‘ರಿಲಕ್ಟಂಟ್’ ನನಗೆ ಮೊದಲು ಸಿಕ್ಕಿದ್ದು ಕ್ರಿಕೆಟ್ ವರದಿಯಲ್ಲಿ. ಎಲ್‌ಬಿಡಬ್ಲ್ಯೂ ಕೊಟ್ಟಮೇಲೂ ಕ್ರೀಸ್ ಬಿಡಲು ರಿಲಕ್ಟಂಟ್ ಆಗಿದ್ದ ಬ್ಯಾಟ್ಸ್‌ಮನ್. ಏನೋ ಇರಬೇಕು ಅಂತ ಮುಂದೆ ಹೋದೆ. ಆಮೇಲೆ ಕೊಟ್ಟ ಖಾತೆ ಒಪ್ಪಿಕೊಳ್ಳಲು ರಿಲಕ್ಟಂಟ್ ಆದ ಮಂತ್ರಿಯೊಬ್ಬರು ಸಿಕ್ಕರು. ಮತ್ತೆ ಒಂದು ಕತೆಯಲ್ಲಿ ಸ್ಕೂಲಿಗೆ ಹೊರಟ ಹುಡುಗ. ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದಾನೆ. ಅಷ್ಟೊತ್ತಿಗೆ ಡಿಕ್ಷನರಿಗೆ ಕೆಲಸವೇ ಉಳಿದಿರಲಿಲ್ಲ.

ಆದರೆ ಓದುವ ಪುಟದಲ್ಲಿ ಗೊತ್ತಿಲ್ಲದ್ದೇ ಜಾಸ್ತಿ ಇದ್ದರೆ ಈ ಆಟ ನಡೆಯುವುದಿಲ್ಲ. ಪಾಲ್ ನೇಷನ್ ಎಂಬ ಭಾಷಾತಜ್ಞರು 2006ರಲ್ಲಿ ಲೆಕ್ಕ ಹಾಕಿದ್ದರು. ನೂರಕ್ಕೆ 98 ಪದ ಗೊತ್ತಿರುವಂತೆ ಕಾದಂಬರಿ, ಪತ್ರಿಕೆ ಓದಲು 8ರಿಂದ 9 ಸಾವಿರ ಪದಕುಟುಂಬ ಬೇಕಂತೆ. ವಾಕ್, ವಾಕ್ಸ್, ವಾಕಿಂಗ್ ಎಲ್ಲ ಸೇರಿ ಒಂದು ಕುಟುಂಬ. ಅಷ್ಟಾಗುವವರೆಗೆ ಸಂಪಾದಕೀಯ ಬಿಟ್ಟು ಕ್ರಿಕೆಟ್ ಪುಟ ಓದಿ, ಮಕ್ಕಳ ಕತೆ ಓದಿ ಎನ್ನುತ್ತೇನೆ ನಾನು. ಕೋಚಿಂಗ್‌ನವರು ಒಪ್ಪುವುದಿಲ್ಲ. ಅವರಿಗೆ ಸಂಪಾದಕೀಯವೇ ಆಗಬೇಕು.

ತಮಾಷೆ ಅಂದರೆ, ಆಕ್ಸ್‌ಫರ್ಡ್‌ನ ಆ ದೊಡ್ಡ ಡಿಕ್ಷನರಿ ಹುಟ್ಟಿದ್ದೂ ಹೀಗೆಯೇ. 1879ರಲ್ಲಿ ಸಂಪಾದಕ ಜೇಮ್ಸ್ ಮರ್ರೆ ಓದುಗರಿಗೆ ಮನವಿ ಮಾಡಿದರು: ಪುಸ್ತಕ ಓದಿ, ಕಣ್ಣಿಗೆ ಬಿದ್ದ ಪದವನ್ನು ಅದರ ವಾಕ್ಯದ ಸಮೇತ ಚೀಟಿಯಲ್ಲಿ ಬರೆದು ಕಳಿಸಿ. ಚೀಟಿಗಳು ಮೂಟೆಗಟ್ಟಲೆ ಬಂದವು. ವಾಕ್ಯ ನೋಡಿಯೇ ಅರ್ಥ ಬರೆದರು. ಕೆಲಸ ಮುಗಿದಿದ್ದು 1928ರಲ್ಲಿ. ಅಷ್ಟರಲ್ಲಿ ಮರ್ರೆ ತೀರಿಕೊಂಡಿದ್ದರು. ಅವರ ವಿಷಯದಲ್ಲಿ ಕಾಕಾ ಬಳಸಿದ ಪದ ಸರಿಯಾಗಿ ಕೂರುತ್ತದೆ.

ಓದುವಾಗ ಸಿಗುವ ಪದಗಳೆಲ್ಲ ಪರದೇಶದವೂ ಅಲ್ಲ ಬಿಡಿ. ಲೂಟ್, ಬಜಾರ್ ನಮ್ಮ ಕಡೆ ಓದು ಬಾರದವರಿಗೂ ಗೊತ್ತು. ‘ಥಗ್’ ಕೂಡ ನಮ್ಮ ಠಗ್ಗನೇ. ಅವನನ್ನು ಇಂಗ್ಲೆಂಡಿನಲ್ಲಿ ಮನೆಮಾತು ಮಾಡಿದ್ದು 1839ರಲ್ಲಿ ಮೆಡೋಸ್ ಟೇಲರ್ ಬರೆದ ಕಾದಂಬರಿ. ಅದೇ ಟೇಲರ್ ಆಮೇಲೆ ಯಾದಗಿರಿ ಕಡೆಯ ಸುರಪುರದಲ್ಲಿ ಅಧಿಕಾರಿಯಾಗಿದ್ದ. ಅಲ್ಲಿ ‘ಟೇಲರ್ ಮಂಜಿಲ್’ ಈಗಲೂ ಇದೆ.

ಗ್ರಂಥಾಲಯದ ಇಂಗ್ಲಿಷ್ ಕಾದಂಬರಿಗಳಲ್ಲಿ ಪೆನ್ಸಿಲ್ ಗುರುತು ಹುಡುಕುವುದು ನನಗೊಂದು ಚಟ. ಗೀಚಬಾರದು, ಆದರೂ ಗೀಚಿರುತ್ತಾರೆ. ಒಂದು ಪತ್ತೇದಾರಿ ಪುಸ್ತಕದಲ್ಲಿ ಯಾರೋ ಮೊದಲ ಪುಟದಿಂದ ಪದಪದಕ್ಕೂ ಕನ್ನಡ ಅರ್ಥ ಬರೆದಿದ್ದರು. ಕೊಲೆ ನಡೆಯುವ ಅಧ್ಯಾಯಕ್ಕೆ ಪೆನ್ಸಿಲ್ ನಿಂತಿತ್ತು. ಪುಣ್ಯಾತ್ಮ ಬೇಜಾರಾಗಿ ಬಿಟ್ಟ ಅಂದುಕೊಂಡು ಕೊನೆಯ ಪುಟ ತೆಗೆದೆ. ಅದೇ ಕೈಬರಹ: ‘ಡ್ರೈವರ್ ಮ್ಯಾಲ ನನಗ ಮೊದಲೇ ಡೌಟ್ ಇತ್ತು.’