ಎನ್ ಪಾಸಾಂ ಹೊಡೆತದ ಬಗ್ಗೆ ಸ್ಪಷ್ಟನೆ

ಐದನೆಯ ಸಾಲು ತಲುಪಿದ ಬಿಳಿ ಕಾಲಾಳು ಪಕ್ಕದ ಮನೆಯಲ್ಲಿರುವ ಯಾವುದೇ ಕಾಯಿಯನ್ನು ಬೇಕೆಂದಾಗ ‘ಎನ್ ಪಾಸಾಂ’ ಕ್ರಮದಲ್ಲಿ ಹೊಡೆಯಬಹುದು ಎಂಬ ಮಾತು ಚದುರಂಗ ಕಲಿಯುವವರ ನಡುವೆ ಹರಿದಾಡುತ್ತಿದ್ದು, ಅದು ತಪ್ಪು. ಈ ಹೊಡೆತ ಕಾಲಾಳಿಗೆ ಕಾಲಾಳು ಎದುರಾದಾಗ ಮಾತ್ರ ಸಲ್ಲುತ್ತದೆ. ಅದೂ ಎದುರಾಳಿಯ ಕಾಲಾಳು ತನ್ನ ಆರಂಭದ ಮನೆಯಿಂದ ಒಂದೇ ನಡೆಯಲ್ಲಿ ಎರಡು ಮನೆ ಮುಂದೆ ಬಂದು ಪಕ್ಕದಲ್ಲಿ ನಿಂತರೆ, ಅದರ ಮರುನಡೆಯಲ್ಲಿ ಮಾತ್ರ. ಬಿಳಿ ಕಾಲಾಳು ಇ5ರಲ್ಲಿರುವಾಗ ಕಪ್ಪು ಕಾಲಾಳು ಡಿ7ರಿಂದ ನೇರವಾಗಿ ಡಿ5ಕ್ಕೆ ಬಂದಿತೆನ್ನಿ: ಬಿಳಿಯದು ಓರೆಯಾಗಿ ಡಿ6ಕ್ಕೆ ಸರಿಯುತ್ತದೆ, ಕಪ್ಪು ಕಾಲಾಳನ್ನು ಡಿ5ರಿಂದ ಎತ್ತಲಾಗುತ್ತದೆ. ಹೊಡೆಸಿಕೊಂಡ ಕಾಯಿಯ ಮನೆಗೆ ಹೊಡೆದ ಕಾಯಿ ಹೋಗದಿರುವುದು ಇಡೀ ಆಟದಲ್ಲಿ ಇದೊಂದೇ ಸಂದರ್ಭವಾದ್ದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ. ಒಂದು ನಡೆ ತಡಮಾಡಿದರೆ ಆ ಅವಕಾಶ ಮತ್ತೆ ಸಿಗದು. ಬೇರೆ ನಿಯಮಬದ್ಧ ನಡೆ ಇರುವಾಗ ಹೊಡೆಯಲೇಬೇಕೆಂಬ ಕಡ್ಡಾಯವೂ ಇಲ್ಲ.