ಗಡಿಯಲ್ಲಿ ಸಿಕ್ಕಿಬಿದ್ದ ನಿಂಬೆಹಣ್ಣು

ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಮನುಷ್ಯರ ಕುಲಗೋತ್ರ ಯಾರಿಗೂ ಬೇಡ. ವಿಚಾರಣೆ ಏನಿದ್ದರೂ ತರಕಾರಿಗೆ. ಹಣ್ಣಿನ ನೊಣ, ಗಿಡದ ರೋಗ ಆ ಕಡೆಯ ತೋಟಗಳಿಗೆ ದಾಟಬಾರದೆಂದು ಹಸಿ ಹಣ್ಣು, ಕಾಯಿ, ಜೇನುತುಪ್ಪ ಯಾವುದನ್ನೂ ಒಳಗೆ ಬಿಡುವುದಿಲ್ಲ.

ಗೆಳೆಯನಿಂದ ಎರವಲು ತಂದ ಕ್ಯಾರವಾನನ್ನು, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆಯನ್ನು, ಕಾರಿನ ಹಿಂದೆ ಕಟ್ಟಿಕೊಂಡು ನಾನು, ನನ್ನ ಹೆಂಡತಿ, ಹಾಸನದಿಂದ ಬಂದಿದ್ದ ಅಮ್ಮ ಅಡಿಲೇಡಿನಿಂದ ಪರ್ತ್‌ಗೆ ಹೊರಟಿದ್ದೆವು. ಗಡಿಗೆ ಹದಿನೈದು ಕಿಲೋಮೀಟರ್ ಮೊದಲೇ, ರಸ್ತೆ ಬದಿಯಲ್ಲಿ ತಂಗಿದ ರಾತ್ರಿ, ವಿಷಯ ತಿಳಿದ ಅಮ್ಮ ಸೆರಗು ಸಿಕ್ಕಿಸಿದರು. "ಒಂದು ಬೀನ್ಸನ್ನೂ ಅವರಿಗೆ ಬಿಡಲ್ಲ!" ಬದನೆಕಾಯಿ, ಕ್ಯಾರೆಟ್, ಆಲೂಗಡ್ಡೆ, ಅರ್ಧ ಎಲೆಕೋಸು ಎಲ್ಲ ಒಂದೇ ಪಾತ್ರೆಗೆ ಬಿದ್ದು ಮದುವೆ ಮನೆಗಾಗುವಷ್ಟು ಹುಳಿಯಾಯಿತು. ಕರಿಬೇವು ಹುರಿದು ಚಟ್ನಿಪುಡಿಯಾಯಿತು. ಕಾಲು ಬಾಟಲಿ ಜೇನುತುಪ್ಪವನ್ನು ಮೂವರೂ ಸರದಿಯ ಮೇಲೆ, ಕಷಾಯ ಕುಡಿಯುವವರ ಮುಖ ಮಾಡಿಕೊಂಡು ನೆಕ್ಕಿ ಮುಗಿಸಿದೆವು.

ಮರುದಿನ ಸೋಮವಾರ. ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಅಮ್ಮನ ಅಪ್ಪಣೆಯಂತೆ ಒಂಬತ್ತು ಐದಕ್ಕೆ ಹೊರಟು ಒಂಬತ್ತು ಇಪ್ಪತ್ತಕ್ಕೆ ಗಡಿ ಮುಟ್ಟಿದರೆ, ಅಲ್ಲಿನ ಗೋಡೆ ಗಡಿಯಾರದಲ್ಲಿ ಎಂಟು ಮೂವತ್ತೈದು! ಚಳಿಗಾಲದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸಮಯಕ್ಕೂ ಪರ್ತ್‌ನ ಸಮಯಕ್ಕೂ ಒಂದೂವರೆ ಗಂಟೆ ವ್ಯತ್ಯಾಸ. ಗಡಿಯ ಆಸುಪಾಸಿನ ನಾಲ್ಕಾರು ರೋಡ್‌ಹೌಸ್‌ಗಳವರು, ಅಂದರೆ ಹೆದ್ದಾರಿ ಬದಿಯ ಪೆಟ್ರೋಲ್-ಊಟದ ತಂಗುದಾಣದವರು, ಎರಡೂ ಕಡೆಯವರಿಗೆ ಬೇಜಾರಾಗದಿರಲೆಂದೋ ಏನೋ, ನಡುವೆ 45 ನಿಮಿಷದ ತಮ್ಮದೇ ಸಮಯ ಇಟ್ಟುಕೊಂಡಿದ್ದಾರೆ. ಹೀಗಾಗಿ ಮುಗಿದ ರಾಹುಕಾಲ ಮತ್ತೆ ಬಂದು ನಮ್ಮೆದುರು ಕೂತಿತ್ತು.

"ಅಮ್ಮಾ, ಇದನ್ನ ಆಗಲೇ ಕಳೆದಿದ್ದೀವಲ್ಲ!"

"ಅದು ಆ ಊರಿನ ರಾಹು ಕಣೋ, ಇದು ಈ ಊರಿನದು."

ಇಪ್ಪತ್ತೈದು ನಿಮಿಷ ಗಾಳಿಗೆ ನಡುಗುತ್ತಾ ಕಾದು, ಒಂಬತ್ತಕ್ಕೆ ಸರಿಯಾಗಿ ತಪಾಸಣೆಗೆ ನಿಂತೆವು. ಅಧಿಕಾರಿ ಫ್ರಿಜ್ ನೋಡಿದರು, ಕಪಾಟು ನೋಡಿದರು, ಹುಳಿಯ ಪಾತ್ರೆಯ ಮುಚ್ಚಳ ಎತ್ತಿ ಒಂದು ಕ್ಷಣ ಗೌರವದಿಂದ ನಿಂತರು. ಬೇಯಿಸಿದ್ದಕ್ಕೆ ತಕರಾರಿಲ್ಲ. ಅಮ್ಮ ಮೊದಲ ರ‍್ಯಾಂಕ್ ಬಂದ ಹುಡುಗಿಯ ಹಾಗೆ ಬೀಗುತ್ತಿದ್ದರು. ಅಷ್ಟರಲ್ಲಿ ಕ್ಯಾರವಾನಿನ ಹಿಂದಕ್ಕೆ ಹೋದ ಅಧಿಕಾರಿ ಅಲ್ಲಿಂದಲೇ ನನ್ನನ್ನು ಕರೆದರು.

ಬಂಪರಿನಲ್ಲಿ ನಿಂಬೆಹಣ್ಣು ತೂಗುತ್ತಿತ್ತು. ಜೊತೆಗೆ ಏಳು ಹಸಿಮೆಣಸಿನಕಾಯಿ. ಅಡಿಲೇಡ್ ಬಿಡುವಾಗ ದೃಷ್ಟಿಗೆಂದು ಅಮ್ಮನೇ ಪೋಣಿಸಿ ಕಟ್ಟಿದ್ದು. ಚಮಚ ನೆಕ್ಕಿ ಜೇನು ಖಾಲಿ ಮಾಡಿದ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ಇದು ತಿನ್ನೋದಕ್ಕಾ?" ಅಂದರು.

"ಅಲ್ಲ, ರಕ್ಷಣೆಗೆ."

"ಯಾರಿಂದ?"

ಏನು ಹೇಳಲಿ? ಅಮ್ಮ ಮಾತ್ರ ಆತನನ್ನೇ ದಿಟ್ಟಿಸಿ ನೋಡುತ್ತಿದ್ದರು. ಕೈಗವಸು ತೊಟ್ಟ ಆತ, ಮೂರು ದಿನಕ್ಕೆ ಬಾಡಿದ್ದ ಆ ಸರವನ್ನು ಬಿಚ್ಚಿ ಕಸದ ತೊಟ್ಟಿಗೆ ಹಾಕಿದರು.

ಕಾರಿನಲ್ಲಿ ಮೌನ. "ಇನ್ನು ಏನಾದರೂ ಆದರೆ ನನ್ನ ಕೇಳಬೇಡ" ಎಂದು ಅಮ್ಮ ಕಿಟಕಿಯ ಕಡೆ ತಿರುಗಿದರು. ಕೈಗೂನಾ ಸೇರುವಷ್ಟರಲ್ಲಿ ಗಡಿಯಾರ ಇನ್ನೂ 45 ನಿಮಿಷ ಹಿಂದಕ್ಕೆ ಹೋಗಿ, ಹೊಟ್ಟೆಗೆ ಎರಡಾದಾಗ ಗೋಡೆಗೆ ಹನ್ನೆರಡೂವರೆಯಾಗಿತ್ತು. ಅನ್ನ, ಹುಳಿ ತಿಂದು ಮತ್ತೆ ಹೊರಟೆವು.

ಕೈಗೂನಾ ಬಿಟ್ಟ ಮೇಲೆ ರಸ್ತೆ 146.6 ಕಿಲೋಮೀಟರ್ ಒಂದೇ ಒಂದು ತಿರುವಿಲ್ಲದೆ ಮಲಗಿದೆ. ಮೈಸೂರಿನಿಂದ ಬೆಂಗಳೂರಿಗೆ ಸ್ಟಿಯರಿಂಗ್ ಅಲ್ಲಾಡಿಸದೆ ಹೋದ ಹಾಗೆ, ಸರಿಸುಮಾರು. ಒಂದೂವರೆ ಗಂಟೆಯ ಮೇಲೆ ಮೊದಲ ತಿರುವು ಬಂದಾಗ ನನಗೆ ಯಾರೋ ಎಬ್ಬಿಸಿದಂತಾಯಿತು. ನಿಧಾನಿಸಲು ತೋಚದೆ ಅದೇ ಓಟದಲ್ಲಿ ತಿರುಗಿಸಿದೆ.

ಬಾಲಡೋನಿಯಾದಲ್ಲಿ ನಿಲ್ಲಿಸಿ ಕ್ಯಾರವಾನಿನ ಬಾಗಿಲು ತೆರೆದರೆ, ಹುಳಿಯೇ ಮೆಟ್ಟಿಲಿಳಿದು ಎದುರುಗೊಂಡಿತು. ಊಟವಾದ ಮೇಲೆ ಫ್ರಿಜ್‌ನ ಚಿಲಕ ಹಾಕುವುದನ್ನು ನಾನೇ ಮರೆತಿದ್ದೆ. ಹಾಸಿಗೆಯ ಮೇಲೆ ಬದನೆಕಾಯಿ, ನನ್ನ ಚಪ್ಪಲಿಯೊಳಗೆ ಬೀನ್ಸ್.

"ನಿಂಬೆಹಣ್ಣು" ಎಂದಷ್ಟೇ ಅಂದರು ಅಮ್ಮ.

ಎರಡು ತಾಸು ತೊಳೆದು ರೋಡ್‌ಹೌಸ್‌ಗೆ ಹೋದರೆ, ಅಲ್ಲೊಂದು ಪುಟ್ಟ ವಸ್ತುಸಂಗ್ರಹಾಲಯ. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಒಡೆದು ಚೂರುಗಳು ಬಿದ್ದದ್ದು ಈ ಸೀಮೆಯಲ್ಲೇ. ಅಮ್ಮನ ಕಣ್ಣು ಅರಳಿತು. "ಅಯ್ಯೋ, ಆಗ ನಮ್ಮೂರ ಮೇಲೇ ಬೀಳುತ್ತೆ ಅಂತ ಸುದ್ದಿ. ಹೇಗೂ ಸಾಯ್ತೀವಲ್ಲ ಅಂತ ನಿಮ್ಮಜ್ಜಿ ಮೂರು ದಿನ ಹೋಳಿಗೆ ಮಾಡಿದ್ದರು." ಆಮೇಲೆ ಚೂರುಗಳ ಮೇಲೆ ಕಣ್ಣಾಡಿಸಿ, "ಇದಕ್ಕೂ ಯಾರೂ ಕಟ್ಟಿರಲಿಲ್ಲ, ನೋಡು" ಅಂದರು.

ಕುಡಿಯಲು ಬಿಸಿನೀರು ಕೇಳಿದರೆ ಅಲ್ಲಿಯ ಹುಡುಗಿ ಒಂದು ಬಿಲ್ಲೆ ನಿಂಬೆ ತೇಲಿಸಿ ತಂದುಕೊಟ್ಟಳು. ಅಮ್ಮ ನೀರು ಕುಡಿದರು. ನಿಂಬೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡದ್ದನ್ನು ನಾನು ನೋಡಿಯೂ ನೋಡದಂತೆ ಕೂತೆ.

ಬೆಳಿಗ್ಗೆ ಬಂಪರಿನಲ್ಲಿ ಆ ಬಿಲ್ಲೆ ನೇತಾಡುತ್ತಿತ್ತು. ಫ್ರಿಜ್‌ನ ಚಿಲಕ ಹಾಕಿದೆನಾ ಎಂದು ನಾನು ಎರಡು ಸಲ ನೋಡಿಕೊಂಡೆ. ಬಿಲ್ಲೆ ಗಟ್ಟಿಯಾಗಿ ಕಟ್ಟಿದೆಯಾ ಎಂದು ಮೂರು ಸಲ.