ಮೂರು ರೂಪಾಯಿ ಬಡ್ಡಿ ಮೊದಲು, ಎಸ್‌ಐಪಿ ಆಮೇಲೆ

ಮೊದಲ ನೌಕರಿ ಹಿಡಿದು ರೂಮು ಮಾಡಿಕೊಂಡ ಹುಡುಗರಿಗೆ ಯೂಟ್ಯೂಬಿನಲ್ಲಿ ಬುದ್ಧಿ ಹೇಳುವವರು ಈಗ ಬಹಳ ಜನ. ಸಂಬಳದಲ್ಲಿ ಅರ್ಧ ಖರ್ಚಿಗೆ, ನೂರಕ್ಕೆ ಮೂವತ್ತು ಆಸೆಗೆ, ಇಪ್ಪತ್ತು ಉಳಿತಾಯಕ್ಕೆ ಅನ್ನುವ ಸೂತ್ರ ಎಲ್ಲರ ಬಾಯಲ್ಲೂ ಐತೆ. 2005ರ ಸುಮಾರಿಗೆ ಅಮೆರಿಕದಲ್ಲಿ ಹೆಸರು ಮಾಡಿದ ಲೆಕ್ಕ ಅದು. ಅಲ್ಲಿಯವರಿಗೆ ಸರಿ ಇರಬಹುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ, ಗಿಣಿಗೇರಿ ಕಡೆಯ ಫ್ಯಾಕ್ಟರಿಯಲ್ಲೋ, ಶಕ್ತಿನಗರದಲ್ಲೋ ದುಡಿದು ತಿಂಗಳಿಗೆ ಹದಿನೆಂಟು ಸಾವಿರ ಎಣಿಸುವ ನಮ್ಮ ಹುಡುಗನಿಗೆ ಆ ಮೂರು ಪಾಲಿನಲ್ಲಿ ಊರು ಎಲ್ಲಿದೆ? ಮುಂಗಾರಿನ ಗೊಬ್ಬರ ಎಲ್ಲಿದೆ? ತಂಗಿಯ ಮದುವೆ ಯಾವ ಪಾಲಿಗೆ ಸೇರಿತು, ಖರ್ಚಿಗೋ ಆಸೆಗೋ?

ನಾನು ಬಳ್ಳಾರಿಯಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು, ತವರು ಸಿಂಧನೂರು ತಾಲ್ಲೂಕು. ಯಾರ ಖಾತೆಯ ಗುಟ್ಟನ್ನೂ ಇಲ್ಲಿ ಬಿಚ್ಚುತ್ತಿಲ್ಲ. ಆದರೆ ವರ್ಷಗಟ್ಟಲೆ ಪಾಸ್‌ಬುಕ್ ಪ್ರಿಂಟ್ ಹಾಕಿದವರಿಗೆ ಒಂದು ನಡೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಸಂಬಳ ಜಮಾ. ಎರಡು ದಿನಕ್ಕೆ ಊರಿಗೆ ಐದು ಸಾವಿರ. ವಾರ ಬಿಟ್ಟು ಎರಡು ಸಾವಿರ. ಆಮೇಲೆ ಎಂಟು ನೂರು, ತಮ್ಮನ ಫೀಸು, ಅಕ್ಕನ ಕುಬುಸ. ಇಪ್ಪತ್ತನೇ ತಾರೀಖಿಗೆ ಅದೇ ಹುಡುಗ ಗೆಳೆಯನ ಹತ್ತಿರ ಕೈಗಡ ತಗೊಂಡು ಮೆಸ್ಸಿನ ಬಾಕಿ ಕಟ್ಟಿರುತ್ತಾನೆ. ಹೋದ ಐದು ಸಾವಿರ ಯಾವುದಕ್ಕೆ ಹೋಯಿತು ಅಂತ ಕೇಳಿದರೆ, "ಮನಿಗೆ ಹಾಕೀನ್ರಿ ಮೇಡಂ" ಅಂತಾನೆ. ಮನೆಯಲ್ಲಿ ಅದು ಏನಾಯಿತು ಅಂದರೆ ಗೊತ್ತಿಲ್ಲ. ಕೇಳುವುದು ಸಣ್ಣತನ ಅನ್ನಿಸುತ್ತದೆ ಅವನಿಗೆ.

ನನ್ನ ತಕರಾರು ಇರೋದು ಇಲ್ಲೇ. ನಮ್ಮ ಕಡೆ ಹುಡುಗರ ದುಡ್ಡು ಚಹಾ, ಮಿರ್ಚಿ-ಒಗ್ಗರಣಿಗೆ ಹೋಗಿ ಮುಗಿಯುತ್ತಿದೆ ಅಂತ ನಾನು ನಂಬಲ್ಲ. ಹನ್ನೆರಡು ತಾಸಿನ ಶಿಫ್ಟ್ ಮುಗಿಸಿ ಬಂದವನು ಎರಡು ಮಿರ್ಚಿ ತಿಂದರೆ ತಿನ್ನಲಿ ಬಿಡ್ರಿ. ಮನೆಗೆ ಹೋಗುವ ದುಡ್ಡಿಗೆ ಅಂಕಿ ಇಲ್ಲ, ದಿನ ಇಲ್ಲ, ಉದ್ದೇಶ ಇಲ್ಲ. ಕಳಿಸಿದವನಿಗೂ ಸಾಕಾಗಲ್ಲ, ಅಲ್ಲಿದ್ದವರಿಗೂ ಸಾಕಾಗಲ್ಲ.

ಹಂಗಂತ ಊರಿಗೆ ಕಳಿಸಬೇಡಿ ಅನ್ನುವ ಪೈಕಿ ಅಲ್ಲ ನಾನು. ನಮ್ಮ ಕಡೆಯ ಒಕ್ಕಲುತನದ ಪರಿಸ್ಥಿತಿ ನೋಡಿದವರಾರೂ ಹಾಗೆ ಹೇಳಲಾರರು. 2023ರಲ್ಲಿ ಬರ. ಮರುವರ್ಷ ತುಂಗಭದ್ರಾ ಡ್ಯಾಂ ತುಂಬಿತಲ್ಲ ಅಂತ ಜನ ಉಸಿರು ಬಿಡುವಷ್ಟರಲ್ಲಿ, ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ಸ್ಟಾಪ್‌ಲಾಗ್ (ಗೇಟಿನ ಬದಲು ಇಳಿಸುವ ತಡೆಹಲಗೆ) ಇಳಿಸಿ ನೀರು ತಡೆಯುವ ತನಕ ಗಂಗಾವತಿ, ಸಿರುಗುಪ್ಪ, ಮಾನ್ವಿ ಕಡೆ ಭತ್ತ ಹಚ್ಚಿದವರು ನಿದ್ದೆ ಮಾಡಿರಲಿಲ್ಲ. ಅಂಥ ಮನೆಗಳಲ್ಲಿ ಪ್ರತಿ ತಿಂಗಳು ತಪ್ಪದೆ ಬರುವ ಆದಾಯ ಅಂದರೆ ಮಗನ ಅಥವಾ ಮಗಳ ಸಂಬಳ ಒಂದೇ. ಅದರ ಮೇಲೆ ಇಡೀ ಮನೆ ಕಣ್ಣಿಡುವುದು ಸಹಜ. ಕಣ್ಣಿಡಲಿ, ಆದರೆ ಅದಕ್ಕೊಂದು ಲೆಕ್ಕವೂ ಇರಲಿ.

ಅದಕ್ಕೇ ಹೊಸದಾಗಿ ಸಂಬಳದ ಖಾತೆ ತೆರೆಯಲು ಬಂದವರಿಗೆ ನಾನು ಹೇಳೋದು: ಮೊದಲ ರಜೆಗೆ ಊರಿಗೆ ಹೋದಾಗ ಅಪ್ಪನ ಜೊತೆ ಒಂದು ತಾಸು ಕೂತು ಸಾಲದ ಪಟ್ಟಿ ಮಾಡಿಕೊಂಡು ಬಾ. "ಅಪ್ಪಾಗ ಹೆಂಗ ಕೇಳಾದು?" ಅಂತಾರೆ. ಯಾಕೆ ಕೇಳಬಾರದು? ಅವರು ಹುಟ್ಟಾ ಅಡತಿ ಅಂಗಡಿಯಲ್ಲಿ ವ್ಯವಹಾರ ಮಾಡಿದ ಮನುಷ್ಯ. ಮಾಲು ತೂಗಿದ ಮೇಲೆ ಮುಂಗಡ, ಬಡ್ಡಿ, ಹಮಾಲಿ ಎಲ್ಲ ಮುರಿದುಕೊಂಡು ಕೈಗೆ ಬಂದ ಪಟ್ಟಿಯನ್ನು ಒಂದೇ ನೋಟಕ್ಕೆ ಓದಬಲ್ಲವರು. ಬಿ.ಕಾಂ. ಓದಿದ ಮಗನಿಗಿಂತ ಅವರಿಗೆ ಬಡ್ಡಿಯ ಬಿಸಿ ಚೆನ್ನಾಗಿ ಗೊತ್ತು. ಅವ್ವನ ಹತ್ತಿರ ಬೇರೆಯಾಗಿ ಕೂರಬೇಕು, ಯಾಕಂದರೆ ಸಂಘದ್ದು, ಫೈನಾನ್ಸಿನದು ಅಂತ ಆಕೆಯ ಹೆಸರಿನಲ್ಲಿ ವಾರದ ಕಂತು ಇರುತ್ತದೆ, ಅಪ್ಪನಿಗೂ ಪೂರ್ತಿ ಗೊತ್ತಿರುವುದಿಲ್ಲ. ವಸೂಲಿಯವರು ಮನೆ ಮುಂದೆ ಬಂದು ಕೂರುವ ಕಾಟ ಹೆಚ್ಚಾಗಿಯೇ 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲದ ದೌರ್ಜನ್ಯ ತಡೆಯಲು ಸುಗ್ರೀವಾಜ್ಞೆ ತಂದದ್ದು, ಆಮೇಲೆ ಅದು ಕಾನೂನಾದದ್ದು.

ಪಟ್ಟಿ ಕೈಗೆ ಬಂದ ಮೇಲೆ ನೋಡಿ ಮಜಾ. ಒಂದು ಲಕ್ಷ ಖಾಸಗಿ ಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ ಇದೆ ಅಂತಿಟ್ಟುಕೊಳ್ಳಿ. ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ ಮೂವತ್ತಾರು ಸಾವಿರ, ಅಸಲು ಮಾತ್ರ ಹಾಗೇ. ಮಗ ಇಲ್ಲಿ ತಿಂಗಳಿಗೆ ಎರಡು ಸಾವಿರದಂತೆ ಮ್ಯೂಚುವಲ್ ಫಂಡಿಗೆ ಕಂತು ಕಟ್ಟುವ ಎಸ್‌ಐಪಿ ಮಾಡಿ, ಷೇರುಪೇಟೆ ಚೆನ್ನಾಗಿದ್ದರೆ ವರ್ಷಕ್ಕೆ ನೂರಕ್ಕೆ ಹನ್ನೆರಡು ಸಿಗಬಹುದು ಅಂತ ಖುಷಿಯಾಗಿರುತ್ತಾನೆ. ಅಂಚೆ ಕಚೇರಿಯ ಆರ್‌ಡಿ (ತಿಂಗಳ ಕಂತಿನ ಠೇವಣಿ) ಆದರೆ ನೂರಕ್ಕೆ 6.7. ಅಪ್ಪ ಅಲ್ಲಿ ಕಟ್ಟುತ್ತಿರುವುದು ನೂರಕ್ಕೆ ಮೂವತ್ತಾರು! ಒಂದೇ ಮನೆಯ ಎರಡು ಕೈ, ಒಂದು ಕೊಡದಲ್ಲಿ ನೀರು ತುಂಬುತ್ತಿದ್ದರೆ ಇನ್ನೊಂದು ತಳದಲ್ಲಿ ತೂತು ಕೊರೆಯುತ್ತಿದೆ. ಊರಿಗೆ ಆಗೊಮ್ಮೆ ಈಗೊಮ್ಮೆ ಸಾವಿರ-ಎಂಟುನೂರು ಹಾಕುವುದನ್ನು ನಿಲ್ಲಿಸಿ, ಆ ಮೂರು ರೂಪಾಯಿ ಬಡ್ಡಿಯ ಅಸಲಿಗೇ ಕೈ ಹಾಕಬೇಕು. ಇದಕ್ಕಿಂತ ಒಳ್ಳೆ ಹೂಡಿಕೆಯನ್ನು ಯಾವ ಆ್ಯಪೂ ತೋರಿಸಲಾರದು.

ಸೊಸೈಟಿ ಸಾಲದ ಕಥೆ ಬೇರೆ. ಸಹಕಾರ ಸಂಘದ ಬೆಳೆಸಾಲ ಶೂನ್ಯ ಬಡ್ಡಿಯದು, 2023-24ರ ಬಜೆಟ್‌ನಲ್ಲಿ ಅದರ ಮಿತಿಯನ್ನು ಮೂರರಿಂದ ಐದು ಲಕ್ಷಕ್ಕೆ ಏರಿಸಿದರು. ಎಲ್ಲರಿಗೂ ಅಷ್ಟು ಸಿಗುತ್ತದೆ ಅಂತಲ್ಲ, ಸಿಕ್ಕಿದ್ದಕ್ಕೆ ಬಡ್ಡಿ ಇಲ್ಲ ಅಷ್ಟೇ. ಆದರೆ ಷರತ್ತು ಒಂದಿದೆ: ಗಡುವಿನೊಳಗೆ ಕಟ್ಟಬೇಕು. ಕಟ್ಟಿ ಮತ್ತೆ ಹೊಸದಾಗಿ ಎತ್ತುವ ನಡುವಿನ ಕೆಲವೇ ದಿನಕ್ಕೆ ರೈತರು ಯಾರ್‍ಯಾರದೋ ಕೈಕಾಲು ಹಿಡಿದು, ಬಡ್ಡಿಗೆ ದುಡ್ಡು ತಂದು ತುಂಬುತ್ತಾರೆ. ಮಗ ನಲವತ್ತು-ಐವತ್ತು ಸಾವಿರ ಒಟ್ಟು ಮಾಡಿ ಇಟ್ಟಿದ್ದರೆ ಆ ದಿನಗಳಿಗೆ ಅದನ್ನೇ ತಿರುಗಿಸಬಹುದು. ದುಡ್ಡು ವಾಪಸ್ ಬರುತ್ತದೆ, ಶೂನ್ಯ ಬಡ್ಡಿಯೂ ಉಳಿಯುತ್ತದೆ. ವಾಪಸ್ ಬರಬೇಕು ಅನ್ನುವುದನ್ನು ಮಾತ್ರ ಮೊದಲೇ ಬಾಯಿಬಿಟ್ಟು ಆಡಿರಬೇಕು.

ಇನ್ನು ಪೇ ಸ್ಲಿಪ್. ಅದನ್ನು ತೆರೆದು ನೋಡದವರೇ ಬಹಳ. "ಪಿಎಫ್ ಅಂತ ಕಟ್ ಮಾಡ್ತಾರ್ರಿ, ಹೋತು" ಅಂತಾರೆ. ಹೋಗಲ್ಲ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿದ ಮೊತ್ತದ ಶೇ 12 ನಿಮ್ಮದು, ಅಷ್ಟನ್ನೇ ಕೆಲಸ ಕೊಟ್ಟವರೂ ಹಾಕಬೇಕು, ಅವರು ಹಾಕಿದ್ದರಲ್ಲಿ ದೊಡ್ಡ ಭಾಗ ಪಿಂಚಣಿಗೆ ಹೋಗುತ್ತದೆ. ಕಂತ್ರಾಟುದಾರ ಬದಲಾದಾಗಲೆಲ್ಲ ಹಳೇದನ್ನು ಬಿಡಿಸಿಕೊಂಡು ಖರ್ಚು ಮಾಡಿದರೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಎಂದೂ ತುಂಬಲ್ಲ. ಪಿಎಫ್ ಖಾತೆಯ ಯುಎಎನ್ ನಂಬರ್ ಒಂದೇ ಇರಲಿ, ಹಳೆಯ ದುಡ್ಡನ್ನು ಅದಕ್ಕೇ ವರ್ಗಾಯಿಸಿಕೊಳ್ಳಿ.

ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆಯ ಬಗ್ಗೆ ಮಾತ್ರ ನನಗೆ ಸಿಟ್ಟೇ ಬರುತ್ತದೆ, ಅದನ್ನು ಬಳಸದವರ ಮೇಲೆ. ತಿಂಗಳ ವೇತನ 21,000 ರೂಪಾಯಿ ಒಳಗಿದ್ದರೆ ನಿಮ್ಮಿಂದ ಶೇ 0.75 ಮುರಿದುಕೊಳ್ಳುತ್ತಾರೆ, ಮಾಲೀಕರು ಶೇ 3.25 ತುಂಬುತ್ತಾರೆ. ಹದಿನೆಂಟು ಸಾವಿರಕ್ಕೆ ನಿಮ್ಮ ಪಾಲು 135 ರೂಪಾಯಿ. ಅವಲಂಬಿತ ತಂದೆ-ತಾಯಿಯ ಹೆಸರನ್ನೂ ಅದರಲ್ಲಿ ಸೇರಿಸಬಹುದು, ಅವರ ಆದಾಯ ತಿಂಗಳಿಗೆ ಒಂಬತ್ತು ಸಾವಿರ ದಾಟಿರಬಾರದು ಅಷ್ಟೇ. ಹೆಸರು ಸೇರಿಸದೆ ಕಾರ್ಡನ್ನು ಟ್ರಂಕಿನಲ್ಲಿಟ್ಟು, ಅವ್ವನ ಶುಗರ್ ಗುಳಿಗೆಗೆ, ಅಪ್ಪನ ಮೊಣಕಾಲಿಗೆ ಪ್ರತಿ ತಿಂಗಳು ಫೋನ್‌ಪೇ ಮಾಡುವವರನ್ನು ಕಂಡರೆ ಏನನ್ನಬೇಕು?

ರೂಮಿನ ವಿಚಾರಕ್ಕೆ ಬರೋಣ. ನಾಲ್ಕು ಜನ ಸೇರಿದರೆ ಬಾಡಿಗೆ ಹಗುರ, ಜೋಳದ ಹಿಟ್ಟು, ಶೇಂಗಾ ಪುಡಿ ಊರಿಂದ ಬಂದರೆ ಊಟವೂ ಹಗುರ, ಇದು ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ್ದು ಕರೆಂಟಿನದು. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಬಹಳ ಜನ 200 ಯೂನಿಟ್ ತನಕ ಎಲ್ಲರಿಗೂ ಪುಕ್ಕಟೆ ಅಂದುಕೊಂಡಿದ್ದಾರೆ. ಹಂಗಲ್ಲ. ಆ ಮೀಟರಿನ ಹಿಂದಿನ ಸರಾಸರಿ ಬಳಕೆಯ ಲೆಕ್ಕದಲ್ಲಿ ನಿಮ್ಮ ಪಾಲು ನಿಗದಿ. ಅದು ದಾಟಿದರೆ ದಾಟಿದಷ್ಟಕ್ಕೆ ಬಿಲ್ಲು, 200 ದಾಟಿದರೆ ಇಡೀ ಬಿಲ್ಲು. ನಮ್ಮ ಬಳ್ಳಾರಿ-ರಾಯಚೂರಿನ ಏಪ್ರಿಲ್‌ನಲ್ಲಿ ಕೂಲರ್ ಹಗಲೂ ರಾತ್ರಿ ಓಡುತ್ತದೆ, ಸರಾಸರಿ ಎಲ್ಲಿ ಉಳಿದೀತು? ಬೇಸಿಗೆಯ ಎರಡು-ಮೂರು ತಿಂಗಳಿಗೆ ಅಂತ ಮೊದಲೇ ಸ್ವಲ್ಪ ಎತ್ತಿಡಿ. ರೂಮು ಬದಲಿಸಿದರೆ ಹಳೆ ಮೀಟರಿನ ಆರ್‌ಆರ್ ನಂಬರಿನಿಂದ ಆಧಾರ್ ಡಿ-ಲಿಂಕ್ ಮಾಡಿಸಿ, ಇಲ್ಲವಾದರೆ ಹೊಸ ಮನೆಯಲ್ಲಿ ಅರ್ಜಿ ನಡೆಯಲ್ಲ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದೇ ಆಗಿದ್ದರೂ ಕಾಗದದ ಮೇಲಿರಲಿ, ಅಡ್ವಾನ್ಸ್ ಎಷ್ಟು ಅನ್ನುವುದು ಅದರಲ್ಲಿ ಬರೆದಿರಲಿ.

ಸಂಬಳದ ಸ್ಲಿಪ್ ಕೈಗೆ ಬಂದ ಕೂಡಲೇ ಇನ್ನೊಂದು ಕಂಟಕ ಶುರು. ಓಣಿಯಲ್ಲಿ ಯಾರಿಗೆ ಸಾಲ ಬೇಕಾದರೂ ಜಾಮೀನಿಗೆ ನಿಮ್ಮ ಹೆಸರು. "ಬರೇ ಸಹಿ ಹಾಕು ತಮ್ಮಾ, ಕಟ್ಟಾದು ನಾನ ಅಲ್ಲೇನು" ಅಂತಾರೆ ಮಾವ. ಆದರೆ 1872ರ ಕರಾರು ಕಾಯ್ದೆಯ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಮಾವ ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ (ಸಾಲ ತೀರಿಸುವ ನಡತೆಯ ಅಂಕ) ಕೆಡುತ್ತದೆ, ನಾಳೆ ನಿಮಗೆ ಮನೆ ಸಾಲ ಬೇಕಾದಾಗ ಮಾವ ಬಂದು ನಿಲ್ಲಲ್ಲ. ಕೈಗಡ ಕೊಡಿ, ಹೋದರೆ ಹೋಯಿತು ಅನ್ನುವಷ್ಟು ಕೊಡಿ. ಸಹಿ ಹಾಕಬೇಡಿ. ಇದರಲ್ಲಿ ನಾನು ಕಟ್ಟುನಿಟ್ಟು, ನಮ್ಮ ಮನೆಯವರಿಗೂ ಇದನ್ನೇ ಹೇಳಿ ಬೈಸಿಕೊಂಡಿದ್ದೇನೆ.

ಕ್ರೆಡಿಟ್ ಕಾರ್ಡಿನ ಮಿನಿಮಮ್ ಡ್ಯೂ, ಅಂದರೆ ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅನ್ನುವುದನ್ನೂ ಒಮ್ಮೆ ಕೂತು ಲೆಕ್ಕ ಹಾಕಿ. ಇಪ್ಪತ್ತು ಸಾವಿರ ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಅಂದರೆ 700. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 126. ನೀವು ಸಾವಿರ ರೂಪಾಯಿ ಕಟ್ಟಿ ನಿರಾಳ ಆಗುತ್ತೀರಿ, ಅಸಲು ಇಳಿಯುವುದು 174 ರೂಪಾಯಿ. ಅಡತಿ ಅಂಗಡಿಯವನಾದರೂ ಮುಖ ನೋಡಿ ಸ್ವಲ್ಪ ಬಿಡುತ್ತಾನೆ.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ನಿಷೇಧಿಸಿದ ಮೇಲೆ ಕೆಲವು ಹುಡುಗರು ಆಪ್ಷನ್ ಟ್ರೇಡಿಂಗ್ (ಷೇರಿನ ಬೆಲೆ ಏರೀತೋ ಇಳಿದೀತೋ ಅಂತ ದುಡ್ಡು ಹಾಕುವುದು) ಕಡೆ ಹೊರಳಿದ್ದಾರೆ, ಇದು ಜೂಜಲ್ಲ ಅಂತ ವಾದ ಬೇರೆ. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯೇ 2024ರಲ್ಲಿ ಲೆಕ್ಕ ಹೊರಡಿಸಿತು: ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಜನ ಕಳಕೊಂಡವರೇ. ಹೆಚ್ಚಿಗೆ ಹೇಳಲ್ಲ.

ಹೆಣ್ಣುಮಕ್ಕಳಿಗೆ ಬೇರೆಯೇ ಒಂದು ಮಾತು. ಜೀನ್ಸ್ ಘಟಕದಲ್ಲಿ ಪೀಸ್ ಲೆಕ್ಕಕ್ಕೆ ಹೊಲಿಯುವವರಿರಲಿ, ಆಸ್ಪತ್ರೆಯಲ್ಲಿ ನರ್ಸ್ ಇರಲಿ, ಎಷ್ಟೋ ಜನರ ಎಟಿಎಂ ಕಾರ್ಡು ಅಣ್ಣನ ಜೇಬಿನಲ್ಲಿ. "ಅಣ್ಣಾನೇ ನೋಡ್ಕೊಂತಾನ್ರಿ ಅಕ್ಕಾ" ಅಂತಾರೆ. ಅಣ್ಣ ಒಳ್ಳೆಯವನೇ ಇರಲಿ. ಕಾರ್ಡು, ಪಿನ್ನು, ಎಸ್‌ಎಂಎಸ್ ಬರುವ ಮೊಬೈಲ್ ನಂಬರು ಮೂರೂ ನಿಮ್ಮ ಹತ್ತಿರ ಇರಬೇಕು. ಮನೆಗೆ ಕೊಡುವುದನ್ನು ನೀವೇ ಕೊಡಿ, ಪ್ರತಿ ತಿಂಗಳು ಒಂದೇ ತಾರೀಖಿಗೆ, ಒಂದೇ ಮೊತ್ತ. ಆಗ ಕೊಟ್ಟದ್ದು ನಿಮ್ಮ ಹೆಸರಿಗೆ ನಿಲ್ಲುತ್ತದೆ.

ಅಪ್ಪನ ಬಡ್ಡಿ ಸಾಲ ತೀರಿತು ಅಂದುಕೊಳ್ಳಿ. ಆ ತಿಂಗಳಿನಿಂದ ಅದೇ ಮೊತ್ತವನ್ನು ಬೇರೆ ಖಾತೆಗೆ ಹಾಕುತ್ತ ಹೋಗಿ, ಮೂರು ತಿಂಗಳ ಸಂಬಳದಷ್ಟು ಆಗುವವರೆಗೆ ಮುಟ್ಟಬೇಡಿ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436ರ ಜೀವ ವಿಮೆ, ಪ್ರಧಾನಮಂತ್ರಿ ಹೆಸರಿನವು, ಎರಡಕ್ಕೂ ಸಹಿ ಹಾಕಿ. ತಲಾ ಎರಡು ಲಕ್ಷದ ಭದ್ರತೆ. ಎಸ್‌ಐಪಿ ಮಾಡಲೇಬೇಕು ಅಂತ ಮನಸ್ಸಿದ್ದರೆ ಆಗ ಮಾಡಿ. ಮತ್ತೆ, ಖಾತೆ ತೆರೆಯಲು ಬಂದ ದಿನವೇ ಯಾವ ಬ್ಯಾಂಕಿನವರಾದರೂ ವರ್ಷಕ್ಕೆ ಇಪ್ಪತ್ತೈದು ಸಾವಿರ ಕಟ್ಟುವ ದೊಡ್ಡ ಪಾಲಿಸಿ ಮುಂದಿಟ್ಟರೆ, ಮನೆಯಲ್ಲಿ ಕೇಳಿ ಬರ್ತೀನಿ ಅಂತ ಹೇಳಿ ಎದ್ದು ಬನ್ನಿ. ನಾನೇ ಕೂತಿದ್ದರೂ ಅಷ್ಟೇ, ನಮಗೂ ಟಾರ್ಗೆಟ್ ಇರುತ್ತದಲ್ಲ.